ಸರೋವರಕ್ಕೆ ಹೆಸರು ಹೇಳಿದ ಎಪಿ

ಹುವಾರಾಸಿನ ಮಾರುಕಟ್ಟೆಯಲ್ಲಿ ಚೋಚೊ ಕಾಳು ಮಾರುವವರು ಹದಿನಾಲ್ಕು ಮಂದಿ. ಹದಿಮೂರು ಮಂದಿ ಬರೀ ಕಾಳು ಮಾರುತ್ತಾರೆ. ಎಪಿಫಾನಿಯಾ ಮಾತ್ರ ಕಾಳಿನ ಜೊತೆ ತನ್ನ ಹುಟ್ಟಿನ ಕಥೆಯನ್ನೂ ಮಾರುತ್ತಾಳೆ. ತಟ್ಟೆಗೆ ಕಾಳು ಸುರಿದು, ಈರುಳ್ಳಿ, ಟೊಮೆಟೊ, ಹಸಿಮೆಣಸು ಬೆರೆಸಿ, ಮೇಲೆ ನಿಂಬೆಹಣ್ಣು ಹಿಂಡುವಷ್ಟರಲ್ಲಿ ಗಿರಾಕಿಗೆ ಕಥೆ ಪೂರ್ತಿ ಒಪ್ಪಿಸಿ ಆಗಿರುತ್ತದೆ. ತಾನು ಹುಟ್ಟಿದ್ದು ಊರಲ್ಲಲ್ಲ, ಮೇಲೆ, ಹಿಮದ ಬುಡದಲ್ಲಿರುವ ಕಿಲ್ಯಕೊಚಾ ಸರೋವರದ ದಡದಲ್ಲಿ. ತಾಯಿ ಕುರಿ ಕಾಯುತ್ತಿದ್ದಳು, ನೋವು ಬಂತು, ಕಲ್ಲಿನ ಗುಡಿಸಲಲ್ಲಿ ಹೆತ್ತಳು, ಹೆತ್ತಾಗ ನೀರಿನ ಮೇಲಿದ್ದ ಬಾತುಗಳೆಲ್ಲ ಒಟ್ಟಿಗೆ ಕೂಗಿದವು. ಬಾತುಗಳು ಮೊದಲು ಕಥೆಯಲ್ಲಿ ಇರಲಿಲ್ಲ. ಹತ್ತು ವರ್ಷದ ಹಿಂದೆ ಹಾರಿಬಂದು ಸೇರಿಕೊಂಡವು.

ಕಥೆಯಿಂದ ವ್ಯಾಪಾರಕ್ಕೆ ಲಾಭವಿತ್ತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಚೋಚೊ ಹುಟ್ಟಾ ಕಹಿ. ಬೇಯಿಸಿ, ಗೋಣಿಚೀಲಕ್ಕೆ ತುಂಬಿ, ಹರಿಯುವ ನೀರಿನಲ್ಲಿ ಎಂಟು ದಿನ ಕಟ್ಟಿಹಾಕಬೇಕು, ದಿನಕ್ಕೆರಡು ಸಲ ಚೀಲ ತಿರುವಬೇಕು. ಆಗಷ್ಟೇ ಬಾಯಿಗಿಡುವ ಹಾಗಾಗುತ್ತದೆ. ಊರ ಹೊಳೆಗೆ ನೀರು ಬರುವುದು ಕಿಲ್ಯಕೊಚಾದಿಂದ. "ಬೇರೆಯವ್ರ ಕಾಳನ್ನ ನೀರು ತೊಳೆಯುತ್ತೆ, ನನ್ನ ಕಾಳನ್ನ ನಮ್ಮಮ್ಮ ತೊಳೀತಾಳೆ" ಎಂದು ಎಪಿ ಹೇಳುವುದು, ಗಿರಾಕಿ ನಕ್ಕು ಇನ್ನೊಂದು ತಟ್ಟೆ ಕೇಳುವುದು. ಹೊಳೆ ಕೆಂಪಾಗಿ ಹರಿದ ದಿನ ಬುಟ್ಟಿ ಮುಚ್ಚಿ, "ಕೆರೆಗೆ ಇವತ್ತು ಮನಸ್ಸು ಸರಿಯಿಲ್ಲ" ಎಂದು ಮನೆಗೆ ಹೋಗಿಬಿಡುತ್ತಿದ್ದಳು.

ಆದರೆ ಆ ಕಥೆ ಬರೀ ವ್ಯಾಪಾರಕ್ಕಲ್ಲ. ತಾಯಿ ಸಾಂತುಸಾ ಸತ್ತಾಗ ಎಪಿಗೆ ಏಳು ವರ್ಷ. ಹಾಲು ಬಿಟ್ಟಾಗಿನಿಂದ ಸಾಕಿದವಳು ಊರಲ್ಲಿದ್ದ ಅತ್ತೆ, ತಾಯಿ ಆಗಾಗ ಬೆಟ್ಟ ಇಳಿದು ಬಂದು ಹೋಗುತ್ತಿದ್ದಳು. ತಾಯಿಯ ಒಂದು ಫೋಟೊ ಇಲ್ಲ, ಕಿವಿಯೋಲೆ ಇಲ್ಲ, ಹೊದೆಯುವ ಬಟ್ಟೆಯೂ ಉಳಿದಿಲ್ಲ. ಉಳಿದಿದ್ದು ಒಂದೇ ಮಾತು. ಅತ್ತಾಗ ಸಾಂತುಸಾ ಮಗಳ ಬೆನ್ನು ತಟ್ಟಿ, "ಅಳಬೇಡ, ನೀನು ಕೆರೆ ಮಗಳು" ಎನ್ನುತ್ತಿದ್ದಳು. ಆ ಒಂದು ಮಾತಿನ ಸುತ್ತ ಎಪಿ ಗುಡಿಸಲು ಕಟ್ಟಿದಳು, ಬಾತು ಬಿಟ್ಟಳು, ಒಂದು ಜೀವನ ಬದುಕಿದಳು. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು, ಗಂಡ ತೀರಿಕೊಂಡ, ಮಕ್ಕಳಿಗೂ ಮಕ್ಕಳಾದವು. ವಯಸ್ಸು ಐವತ್ತೊಂಬತ್ತಾಯಿತು. ಸರೋವರವನ್ನು ಮಾತ್ರ ಬುದ್ಧಿ ಬಂದ ಮೇಲೆ ಅವಳು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಇದನ್ನು ಬಯಲಿಗೆ ಎಳೆದವಳು ಗೋಯಾ. ಎಪಿಯ ಪಕ್ಕದ ಕಟ್ಟೆಯಲ್ಲಿ ಆಲೂಗಡ್ಡೆ ಮಾರುವವಳು, ಎದೆ ತುಂಬಿ ನಗುವವಳು, ಎಪಿಯ ದೊಡ್ಡ ಮಗಳಿಗೆ ಜ್ಞಾನಸ್ನಾನದ ತಾಯಿ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಕೊಮಾದ್ರೆಯರು ಜಗಳವಾಡಿದರೆ ಪಾಪ ಎಂದು ಪಾದ್ರಿಗಳು ಹೇಳುತ್ತಾರೆ. ಅದಕ್ಕೇ ಇವರು ಜಗಳವಾಡುವುದಿಲ್ಲ, ಮೂವತ್ತು ವರ್ಷದಿಂದ ಕಾಲೆಳೆಯುತ್ತಾರೆ ಅಷ್ಟೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಎಪಿ ರಾಜಧಾನಿ ಲಿಮಾದಿಂದ ಬಂದ ಗಿರಾಕಿಯೊಬ್ಬನಿಗೆ ಬಾತುಗಳ ತನಕ ಕಥೆ ಹೇಳಿ ಮುಗಿಸಿದಾಗ ಗೋಯಾ ತಕ್ಕಡಿ ಕೆಳಗಿಟ್ಟಳು.

"ಕೊಮಾದ್ರೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅದು ನಿನ್ನ ತೌರು ಅಂತೀಯ. ಐವತ್ತೊಂಬತ್ತು ವರ್ಷದಲ್ಲಿ ಒಂದ್ಸಲನಾದ್ರೂ ತೌರಿಗೆ ಹೋಗಿ ಬಂದ್ಯಾ?"

"ಚೀಲ ನೀರಲ್ಲಿರುತ್ತೆ ಕಣೇ. ಬಿಟ್ಟು ಹೇಗೆ ಹೋಗ್ಲಿ?"

"ಚೀಲ ಚೀಲ ಅಂತ ನಲವತ್ತು ವರ್ಷ ಆಯ್ತು. ನಿನ್ನ ಮದುವೆ ದಿನಾನೂ ಚೀಲ ನೀರಲ್ಲೇ ಇತ್ತು, ಮದುವೆ ಆಗಲಿಲ್ವಾ? ಅಲ್ಲಿಗೆ ಹೋದ್ರೆ ಗುಡಿಸ್ಲೂ ಇಲ್ಲ, ಬಾತೂ ಇಲ್ಲ ಅಂತ ಗೊತ್ತಾಗ್ಬಿಡುತ್ತೆ ಅಂತ ಭಯ ನಿಂಗೆ."

ಗಿರಾಕಿ ನಕ್ಕ. ಎದುರು ಸಾಲಿನಲ್ಲಿ ಹಣ್ಣಿನ ರಸ ಮಾರುವ ನಿಲ್ಡಾ ಕೂಡ ಮಿಕ್ಸಿ ನಿಲ್ಲಿಸಿ ನಕ್ಕಳು. ಎಪಿಗೆ ಕಿವಿ ಬಿಸಿಯಾಯಿತು. ಏಕೆಂದರೆ ಗೋಯಾ ಹೇಳಿದ್ದು ನಿಜವಾಗಿತ್ತು. ತಾಯಿಯಿಂದ ಬಂದಿದ್ದು ಅದೊಂದೇ ಮಾತು. ಹೋಗಿ ನೋಡಿ ಅದೂ ಸುಳ್ಳೆಂದಾದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ಭಯವನ್ನು ಅವಳು ಚೀಲದ ನೆಪದಲ್ಲಿ ಕಟ್ಟಿಟ್ಟಿದ್ದಳು.

"ಸೋಮವಾರ ಮಾರ್ಕೆಟ್ಟಿಗೆ ಇಲಿ ಔಷಧಿ ಹೊಡೀತಾರೆ, ಬಾಗಿಲು ಹಾಕಿರುತ್ತೆ" ಎಂದಳು ಎಪಿ, ಸಾಲಿಗೆಲ್ಲ ಕೇಳುವ ಹಾಗೆ. "ಸೋಮವಾರ ಹೋಗೋಣ. ನೀನೂ ಬಾ, ನಿಲ್ಡಾನೂ ಬರ್ಲಿ. ಬಾತು ಎಣಿಸಿಕೊಂಡು ಬರೋಣ."

ಬಾಯಿಂದ ಮಾತು ಹೊರಟ ಮೇಲೆ ಅವಳಿಗೇ ಗಾಬರಿಯಾಯಿತು. ಸಂಜೆಯ ಹೊತ್ತಿಗೆ ಗಾಬರಿ ಹೋಗಿ ಬೇರೇನೋ ಬಂತು. ಎದೆಯೊಳಗೆ ಕಾಂಚಾ ಜೋಳ ಹುರಿದ ಹಾಗೆ ಚಟಪಟ. ಮೂರು ದಿನ ಅವಳು ಕಾಳಿಗೆ ಎರಡು ಸಲ ಉಪ್ಪು ಹಾಕಿದಳು, ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ತಟ್ಟೆ ಕೊಡುವುದನ್ನೇ ಮರೆತಳು. ಚಿಕ್ಕ ಮಗಳು ಯೆನಿಗೆ ಚೀಲ ತಿರುವುವ ಕೆಲಸ ಒಪ್ಪಿಸಿ, ಅದನ್ನು ಹೇಗೆ ತಿರುವಬೇಕೆಂದು ಐದು ಸಲ ತೋರಿಸಿದಳು. ಯೆನಿ ಹುಟ್ಟಿದಾಗಿನಿಂದ ಆ ಚೀಲ ತಿರುವಿಕೊಂಡೇ ಬೆಳೆದವಳು.

ಸೋಮವಾರ ಬೆಳಕು ಹರಿಯುವ ಮೊದಲೇ ಎಪಿ ಹೊಸ ಹಸಿರು ಲಂಗದ ಮೇಲೆ ಕೆಂಪು ಲಂಗ, ಅದರ ಮೇಲೆ ಹಳದಿ ಲಂಗ ಉಟ್ಟು, ಟೋಪಿಯ ಪಟ್ಟಿಗೆ ಹೂವು ಸಿಕ್ಕಿಸಿ ವ್ಯಾನಿನ ಬಳಿ ನಿಂತಿದ್ದಳು. ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಚೀಸ್, ಜಗಿಯುವ ಕೋಕಾ ಎಲೆ, ಒಂದು ಡಬ್ಬಿ ಚೋಚೊ. ಡಬ್ಬಿಯ ಚೋಚೊಗೆ ಉಪ್ಪು ಹಾಕಿರಲಿಲ್ಲ. ಅದು ಸರೋವರಕ್ಕೆ, ಮತ್ತು ನೀರಿಗೂ ಬೆಟ್ಟಕ್ಕೂ ಕೊಡುವುದಕ್ಕೆ ಉಪ್ಪು ಮುಟ್ಟಿಸುವುದಿಲ್ಲ.

ಗೋಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬೆಟ್ಟ ಹತ್ತೋಕೆ ಹೊರಟಿದೀಯೋ, ಮದುವಣಗಿತ್ತಿ ಆಗೋಕೆ ಹೊರಟಿದೀಯೋ?"

"ತೌರಿಗೆ ಹಳೇ ಲಂಗ ಉಟ್ಕೊಂಡು ಹೋಗ್ತಾರೇನೇ?"

ನಿಲ್ಡಾ ಇಬ್ಬರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಹಿರಿಯ ಹೆಂಗಸರನ್ನು ಆ ಕಡೆ ಮಾಮಾ, ಅಂದರೆ ಅಮ್ಮ, ಎಂದೇ ಕರೆಯುವುದು. ಅವಳ ಕೈಯಲ್ಲಿ ಹೊಸ ಫೋನು. "ಎಪಿ ಮಾಮಾ, ಬಾತು ಕಂಡ ತಕ್ಷಣ ಹೇಳಿ. ಫೋಟೊ ತೆಗೆದು ಮಾರ್ಕೆಟ್ಟಿನ ಬಾಗಿಲಿಗೇ ಅಂಟಿಸ್ತೀನಿ" ಎಂದಳು. ವ್ಯಾನಿನ ಡ್ರೈವರ್ ಎವರ್ ರಸ್ತೆ ಮುಗಿಯುವ ಊರಲ್ಲಿ ಮೂವರನ್ನೂ ಇಳಿಸಿ, "ಸರಿಯಾಗಿ ನಾಲ್ಕು ಗಂಟೆಗೆ ಹೊರಡ್ತೀನಿ. ಆಮೇಲೆ ಬಂದವ್ರು ನಡ್ಕೊಂಡೇ ಊರು ಸೇರ್ಬೇಕು" ಎಂದ. ಮೇಲೆ ಹತ್ತಲು ಮೂರೂವರೆ ಗಂಟೆ, ಇಳಿಯಲು ಎರಡೂವರೆ. ಒಂದೂವರೆಗೆ ಸರೋವರ ಬಿಡಲೇಬೇಕು ಎಂದು ನಿಲ್ಡಾ ಲೆಕ್ಕ ಹಾಕಿದಳು.

ಹೊರಟಿದ್ದೇ ತಡ, ಎಪಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೋಳದ ಹೊಲ ಮುಗಿದು, ನೀಲಗಿರಿ ಮರಗಳು ಮುಗಿದು, ಕಲ್ಲುದಾರಿ ಶುರುವಾದರೂ ಅವಳೇ ಮುಂದೆ. ದಾರಿಯ ಎರಡೂ ಕಡೆ ಕಾಡು ಚೋಚೊ ನೇರಳೆ ಹೂ ಬಿಟ್ಟು ನಿಂತಿತ್ತು. "ನೋಡ್ರೇ, ನನ್ನ ನೆಂಟರೆಲ್ಲ ದಾರೀಲಿ ನಿಂತಿದಾರೆ" ಎಂದು ಒಂದೊಂದು ಗಿಡಕ್ಕೂ ಟೋಪಿ ಮುಟ್ಟಿ ನಮಸ್ಕಾರ ಹೇಳಿದಳು. ಗೋಯಾ ಹಿಂದಿನಿಂದ ಏದುಸಿರು ಬಿಡುತ್ತಾ, "ನೆಂಟರಿಗೆಲ್ಲ ಆಮೇಲೆ ಕೈ ಮುಗಿ, ಮೊದ್ಲು ಈ ಕೊಮಾದ್ರೆ ಜೀವ ಉಳಿಸು" ಎಂದಳು. ಕಲ್ಲಿನ ಸಂದಿಯಿಂದ ಮೊಲದಂಥ ವಿಸ್ಕಾಚಾ ಒಂದು ಎದ್ದು ಕುಳಿತು ಮೂವರನ್ನೂ ನೋಡಿತು. ನಿಲ್ಡಾ ಫೋನು ತೆಗೆಯುವಷ್ಟರಲ್ಲಿ ಅದು ಮಾಯ. ಅದಕ್ಕೂ ನಕ್ಕರು. ಆವತ್ತು ಬೆಳಿಗ್ಗೆ ಅವರಿಗೆ ಏನು ಕಂಡರೂ ನಗುವೇ.

ಅರ್ಧ ದಾರಿಯಲ್ಲಿ ಎಪಿಯ ಮೊಣಕಾಲು ಹಿಡಿಯಿತು. ಅಲ್ಲಿ ತೊಗಟೆ ಸುಲಿದ ಒಂದು ಕೆನ್ಯುವಾಲ್ ಮರ, ಅದರ ಕೆಳಗೆ ಮಂಚದಗಲದ ಚಪ್ಪಟೆ ಕಲ್ಲು. ಮೂವರೂ ಅದರ ಮೇಲೆ ಕುಳಿತು ಆಲೂಗಡ್ಡೆ ತಿಂದರು, ಸಿಪ್ಪೆಯನ್ನು ಅಲ್ಲೇ ಬಿಸಾಡಿದರು. ಗೋಯಾ ಫ್ಲಾಸ್ಕಿನಿಂದ ಚಹಾ ಸುರಿಯುವಾಗ ಅರ್ಧ ಕಲ್ಲಿನ ಮೇಲೇ ಚೆಲ್ಲಿತು. ಎಪಿ ಮಂಡಿ ಉಜ್ಜಿಕೊಳ್ಳುತ್ತಾ ಗೊಣಗಿದಳು.

"ಇದೂ ಒಂದು ಕಲ್ಲಾ? ಕೂತ್ರೆ ಚುಚ್ಚುತ್ತೆ, ಒರಗಿದ್ರೆ ಬೆನ್ನು ಕೆತ್ತುತ್ತೆ. ನಾಯಿ ಕೂಡ ಇದ್ರ ಮೇಲೆ ಮಲಗೋಲ್ಲ."

"ಸಾಕು ಏಳು, ತೌರಲ್ಲಿ ಮೆತ್ತನೆ ಹಾಸಿಗೆ ಹಾಸಿರ್ತಾರೆ" ಎಂದಳು ಗೋಯಾ.

ಮೇಲಿನ ಹುಲ್ಲುಗಾವಲಿಗೆ ಬಂದಾಗ ಗಂಟೆ ಹತ್ತೂವರೆ. ಆಕಾಶ ಒರೆಸಿಟ್ಟ ಹಾಗಿತ್ತು, ಹಿಮದ ಬೆಟ್ಟ ಕತ್ತೆತ್ತಿ ನೋಡುವಷ್ಟು ಹತ್ತಿರ. ಎದುರಿಗೊಂದು ದಿಬ್ಬ. ದಿಬ್ಬದ ಆಚೆಗೆ ಸರೋವರ. ದಿಬ್ಬದ ಈ ಕಡೆ ಆಳೆತ್ತರದ ಕಲ್ಲುಗುಡ್ಡೆ. ಅಲ್ಲಿ ಎಲ್ಲರೂ ನಿಲ್ಲಬೇಕು, ಟೋಪಿ ತೆಗೆಯಬೇಕು, ತನ್ನ ಹೆಸರು, ತಾಯಿಯ ಹೆಸರು, ಊರು ಹೇಳಿ, ಕೋಕಾ ಎಲೆ ಇಟ್ಟು, ಅದರ ಮೇಲೊಂದು ಕಲ್ಲು ಇಡಬೇಕು. ಹೇಳದೆ ಹೋದವರಿಗೆ ಸರೋವರ ಮುಖ ತೋರಿಸುವುದಿಲ್ಲ, ಮಂಜು ಎಳೆದುಕೊಳ್ಳುತ್ತದೆ. ಗೋಯಾಳಂಥ ಗೋಯಾಳೂ ಅಲ್ಲಿ ನಗು ನಿಲ್ಲಿಸಿ ಟೋಪಿ ಕೈಗೆ ತೆಗೆದುಕೊಂಡಳು.

"ಗ್ರೆಗೋರಿಯಾ, ಫೆಲೀಪಾ ಮಗಳು, ಹುವಾರಾಸ್" ಎಂದು ತನ್ನ ಪೂರ್ತಿ ಹೆಸರು ಹೇಳಿದಳು. ನಿಲ್ಡಾ ಕೂಡ ಹೇಳಿ ಎಲೆ ಇಟ್ಟಳು. ಎಪಿ ಟೋಪಿಗೆ ಕೈ ಹಚ್ಚದೆ ದಾಟಿಕೊಂಡು ಮುಂದೆ ಹೋದಳು.

"ಕೊಮಾದ್ರೆ, ಹೆಸರು ಹೇಳೇ."

"ತೌರಿಗೆ ಹೋಗೋಳು ಬಾಗಿಲು ತಟ್ತಾಳೇನೇ?"

ಈ ಮಾತನ್ನು ಅವಳು ಮೂರು ದಿನದಿಂದ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅಂದುಕೊಂಡಷ್ಟೇ ಚೆನ್ನಾಗಿ ಬಂತು ಎಂದು ಅವಳಿಗೇ ಖುಷಿಯಾಯಿತು. ಲಂಗ ಎತ್ತಿಕಟ್ಟಿ ದಿಬ್ಬವನ್ನು ಹೆಚ್ಚುಕಡಿಮೆ ಓಡಿಯೇ ಹತ್ತಿದಳು. ತುದಿಗೆ ಕಾಲಿಟ್ಟಾಗ ಕೆಳಗಿನಿಂದ ತಣ್ಣನೆ ಗಾಳಿ ಎದ್ದಿತು, ಗಾಳಿಯ ಜೊತೆ ಬಿಳಿ ಮಂಜು ಎದ್ದಿತು. ಗೋಯಾ ಮತ್ತು ನಿಲ್ಡಾ ಬಂದು ಸೇರುವಷ್ಟರಲ್ಲಿ ಹಿಮದ ಬೆಟ್ಟ ಇಲ್ಲ, ಸರೋವರ ಇಲ್ಲ, ಹತ್ತು ಹೆಜ್ಜೆ ಆಚೆಯ ಹುಲ್ಲೂ ಇಲ್ಲ.

"ಒಳ್ಳೇ ತೌರು. ಮಗಳು ಬಂದ್ಲು ಅಂತ ಬಾಗಿಲು ಹಾಕ್ಕೊಂಡ್ಬಿಟ್ರು" ಎಂದಳು ಗೋಯಾ.

"ಏಪ್ರಿಲ್ ತಿಂಗಳಲ್ಲಿ ಮಂಜು ಇರುತ್ತೆ. ಈಗ ಹೋಗುತ್ತೆ."

ಹೋಗಲಿಲ್ಲ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಮೂವರೂ ಒಂದೇ ಹೊದಿಕೆಯೊಳಗೆ ಒತ್ತಿ ಕುಳಿತರು. ನಿಲ್ಡಾ ಮಂಜಿನ ಏಳು ಫೋಟೊ ತೆಗೆದಳು. ಗೋಯಾ ಮೊದಲು ಕಾಲೆಳೆದಳು, ಆಮೇಲೆ ಎಪಿಯ ಮುಖ ನೋಡಿ ಸುಮ್ಮನಾದಳು. ಗೋಯಾ ಸುಮ್ಮನಾಗಿದ್ದು ಎಪಿಗೆ ಹೆಚ್ಚು ಚುಚ್ಚಿತು. ಮೂವತ್ತು ವರ್ಷದಲ್ಲಿ ಗೋಯಾ ಅವಳ ಮೇಲೆ ಕನಿಕರ ಪಟ್ಟಿದ್ದು ಗಂಡ ಸತ್ತ ದಿನ ಮಾತ್ರ.

ಹನ್ನೆರಡು ದಾಟಿದ ಮೇಲೆ ಮಂಜಿನೊಳಗೆ ಕುರಿ ಅರಚಿತು. ಒಂದಾದ ಮೇಲೊಂದು ಕುರಿಗಳು ಬಂದವು, ಅವುಗಳ ಹಿಂದೆ ಕೈಯಲ್ಲಿ ಕದಿರು ತಿರುಗಿಸುತ್ತಾ ಒಬ್ಬ ಮುದುಕಿ. ಎಂಬತ್ತರ ಹತ್ತಿರ ವಯಸ್ಸು, ಟೈರಿನ ಚಪ್ಪಲಿ, ಕೆನ್ನೆಯಲ್ಲಿ ಕೋಕಾ ಉಂಡೆ. ಬೆಟ್ಟದ ಆಚೆ ಕಣಿವೆಯವಳು, ಹೆಸರು ಕ್ಯಾಸಿಲ್ಡಾ. ಅವಳ ಸಂತೆ, ಇಗರ್ಜಿ, ನೆಂಟಸ್ತನ ಎಲ್ಲ ಆ ಕಡೆಗೇ. ಹುವಾರಾಸಿಗೆ ಅವಳು ಇಳಿದಿದ್ದೇ ಇಲ್ಲವಂತೆ.

"ಯಾರ ಪೈಕಿ ನೀವು?" ಎಂದು ಕೇಳಿದಳು.

ಎಪಿ ಎದ್ದು ನಿಂತಳು. "ಸಾಂತುಸಾ ಮಗಳು ನಾನು, ಮಾಮಾ. ಇಲ್ಲಿ ಕುರಿ ಕಾಯ್ತಿದ್ದ ಸಾಂತುಸಾ. ಇಲ್ಲೇ ದಡದ ಮೇಲೆ ಹುಟ್ಟಿದೋಳು."

ಮುದುಕಿಯ ಕದಿರು ನಿಂತಿತು. ಹತ್ತಿರ ಬಂದು, ಎಪಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದಳು.

"ಇಲ್ಲಿ ಹುಟ್ಟಿದೆ ಅಂತ ಯಾರು ಹೇಳಿದ್ರು ನಿಂಗೆ? ಕೆಳಗೆ, ಅರ್ಧ ದಾರೀಲಿ ಹುಟ್ಟಿದ್ದು ನೀನು. ಕೆನ್ಯುವಾಲ್ ಮರದ ಕೆಳಗೆ ಒಂದು ಚಪ್ಪಟೆ ಕಲ್ಲಿಲ್ವಾ, ಅದ್ರ ಮೇಲೆ. ಹೊಕ್ಕುಳಬಳ್ಳಿ ಕೊಯ್ದಿದ್ದೇ ನಾನು, ಒಡೆದ ಮಡಕೆ ಚೂರಲ್ಲಿ. ಇದೇ ಕದಿರಿನ ನೂಲಲ್ಲಿ ಕಟ್ಟಿದ್ದು."

ನಿಲ್ಡಾ ಗೋಯಾಳ ಮುಖ ನೋಡಿದಳು. ನಗಬೇಕಾದ ಜಾಗ ಅದು, ಗೋಯಾ ನಗಲಿಲ್ಲ.

ಎಪಿ ಮತ್ತೆ ಕುಳಿತಳು. ಗುಡಿಸಲು ಹೋಯಿತು, ಬಾತು ಹೋಯಿತು. ನಾಯಿಯೂ ಮಲಗದ ಕಲ್ಲು ಉಳಿಯಿತು. "ಹಾಗಾದ್ರೆ ಅಮ್ಮ ನನ್ನ ಕೆರೆ ಮಗಳು ಅಂತ ಯಾಕೆ ಅಂತಿದ್ಲು?" ಎಂದು ಕೇಳಿದಳು. ಅವಳ ದನಿ ಸಣ್ಣ ಹುಡುಗಿಯದಾಗಿತ್ತು.

ಕ್ಯಾಸಿಲ್ಡಾ ಅವಳ ಪಕ್ಕದಲ್ಲೇ ಕುಳಿತಳು. "ನಂಗಾಗ ಹತ್ತೊಂಬತ್ತು. ನೋವು ಬಂತು ಅಂತ ಸಾಂತುಸಾನ ಸೂಲಗಿತ್ತಿ ಹತ್ರ ಕರ್ಕೊಂಡು ಹೊರಟೆ. ಆ ಕಲ್ಲಿನ ತನಕ ಬಂದ್ಲು, ಇನ್ನೊಂದು ಹೆಜ್ಜೆ ಇಡಲ್ಲ ಅಂದ್ಲು. ನೀನು ಹುಟ್ಟಿದೆ, ನೇರಳೆ ಬಣ್ಣಕ್ಕಿದ್ದೆ, ಅಳಲಿಲ್ಲ. ಉಳಿಯಲ್ಲ ಅಂದ್ಕೊಂಡೆ ನಾನು. ಕೆಳಗೆ ಊರಿಗೆ ಹೋಗು ಅಂದ್ರೆ ಕೇಳಲಿಲ್ಲ ಅವ್ಳು. ನಾಲ್ಕನೇ ದಿನ ನಿನ್ನ ಎದೆಗೆ ಕಟ್ಕೊಂಡು ಮತ್ತೆ ಮೇಲಕ್ಕೇ ಹತ್ತಿದ್ಲು. ಆ ಕಲ್ಲುಗುಡ್ಡೆ ಹತ್ರ ನಿಂತು ಟೋಪಿ ತೆಗೆದು, 'ಇವಳು ಎಪಿಫಾನಿಯಾ, ನನ್ನ ಮಗಳು, ಇವಳನ್ನ ಗುರುತಿಟ್ಕೋ, ಉಳಿಸ್ಕೊಡು' ಅಂದ್ಲು. ಮೂರು ಸಲ ಅಂದ್ಲು. ನೀನು ಅತ್ತೆ ನೋಡು ಆಗ. ಕುರಿಗಳು ಬೆಚ್ಚೋ ಹಾಗೆ ಅತ್ತೆ."

ತಾಯಿಯ ಬಗ್ಗೆ ಇಷ್ಟು ಉದ್ದದ ಮಾತನ್ನು ಎಪಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಸಾಕಿದ ಅತ್ತೆ ಹೇಳಿದ್ದೆಲ್ಲ ಸಾಂತುಸಾಳ ಸಾವಿನದು. ಎದೆಗೆ ಮಗು ಕಟ್ಟಿಕೊಂಡು ಈ ದಾರಿ ಹತ್ತಿದ ಸಾಂತುಸಾಳನ್ನು ಅವಳು ಈಗಷ್ಟೇ ನೋಡಿದಂತಾಯಿತು.

"ಬರ್ತಾ ಗುಡ್ಡೆ ಹತ್ರ ಹೆಸರು ಹೇಳಿದ್ಯಾ?" ಎಂದು ಮುದುಕಿ ಕೇಳಿದಳು.

ಎಪಿ ತಲೆ ತಗ್ಗಿಸಿದಳು.

"ನಿಮ್ಮಮ್ಮ ಅಷ್ಟು ವರ್ಷ ಇಲ್ಲಿ ಕುರಿ ಕಾಯ್ದಳು. ದಿನಾ ಬರೋಳು, ದಿನಾ ಹೇಳೋಳು. ಒಂದಿನಾನೂ ಟೋಪಿ ತೆಗೀದೆ ಆ ಗುಡ್ಡೆ ದಾಟಿದ್ದು ನಾನು ನೋಡಿಲ್ಲ" ಎಂದಳು ಕ್ಯಾಸಿಲ್ಡಾ. ಅದರಲ್ಲಿ ಬೈಗುಳವೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದಳು, ಎದ್ದಳು, ಕುರಿಗಳ ಹಿಂದೆ ಮಂಜಿನೊಳಗೆ ನಡೆದಳು. "ಮತ್ತೆ ಬಾ" ಎಂದು ಒಳಗಿನಿಂದ ಕೂಗಿ ಹೇಳಿದಳು.

ಎಪಿ ದಿಬ್ಬ ಇಳಿದು ಕಲ್ಲುಗುಡ್ಡೆಯ ಬಳಿಗೆ ಹಿಂದಿರುಗಿದಳು. ಉಳಿದಿಬ್ಬರೂ ಹಿಂದೆಯೇ ಬಂದು ಸ್ವಲ್ಪ ದೂರ ನಿಂತರು. ಅವಳು ಹೂ ಸಿಕ್ಕಿಸಿದ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಮಾರುಕಟ್ಟೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗುವವಳಿಗೆ ಇಲ್ಲಿ ಮಾತು ಹುಡುಕಬೇಕಾಯಿತು.

"ನಾನು ಎಪಿಫಾನಿಯಾ. ಸಾಂತುಸಾ ಮಗಳು. ಹುವಾರಾಸಲ್ಲಿ ಚೋಚೊ ಮಾರ್ತೀನಿ. ನಲವತ್ತೊಂದು ವರ್ಷದಿಂದ ನಿನ್ನ ನೀರಲ್ಲೇ ನನ್ನ ಕಾಳಿನ ಕಹಿ ಬಿಡಿಸ್ಕೊಂಡಿದೀನಿ. ಹುಟ್ಟಿದ್ದು ಇಲ್ಲಲ್ಲ, ಕೆಳಗೆ ಕಲ್ಲಿನ ಮೇಲೆ, ಈಗ ಗೊತ್ತಾಯ್ತು. ನಿನ್ನ ಹೆಸರು ಹೇಳ್ಕೊಂಡು ಬಹಳ ಮೆರೆದೆ. ಅಮ್ಮ ನನ್ನ ಗುರುತಿಟ್ಕೋ ಅಂದಿದ್ಲಂತೆ, ಇಟ್ಕೊಂಡಿದೀಯೋ ಇಲ್ವೋ ಗೊತ್ತಿಲ್ಲ. ನೋಡೋಕೆ ಬಂದೆ. ಮುಖ ತೋರಿಸಿದ್ರೆ ನೋಡ್ತೀನಿ, ಇಲ್ದಿದ್ರೆ ಇನ್ನೊಂದ್ಸಲ ಬರ್ತೀನಿ."

ಕೋಕಾ ಎಲೆ ಇಟ್ಟಳು. ಡಬ್ಬಿಯಿಂದ ಉಪ್ಪಿಲ್ಲದ ಚೋಚೊ ಒಂದು ಹಿಡಿ ತೆಗೆದು ಎಲೆಯ ಮೇಲೆ ಇಟ್ಟಳು, ಅದರ ಮೇಲೆ ಕಲ್ಲಿಟ್ಟಳು. ಅರ್ಧ ಡಬ್ಬಿ ಚೋಚೊವನ್ನು ಯಾಕೋ ಉಳಿಸಿಕೊಂಡಳು.

ಏನೂ ಆಗಲಿಲ್ಲ. ಮಂಜು ಇದ್ದ ಹಾಗೇ ಇತ್ತು. ಮತ್ತೆ ದಿಬ್ಬದ ಮೇಲೆ ಹೋಗಿ ಕುಳಿತರು. ಒಂದು ಗಂಟೆಯಾಯಿತು, ಒಂದೂ ಕಾಲಾಯಿತು. ನಿಲ್ಡಾ ಗಂಟೆ ನೋಡುವುದು, ಹೇಳಲು ಧೈರ್ಯ ಸಾಲದೆ ಫೋನು ಮುಚ್ಚುವುದು ನಡೆದಿತ್ತು. ಕೊನೆಗೆ ಎಪಿಯೇ ಎದ್ದಳು. "ನಡೀರಿ. ಎವರ್ ಬಿಟ್ಟು ಹೋದ್ರೆ ನನ್ನ ಮಂಡಿ ನಡೆಯಲ್ಲ" ಎಂದು ಲಂಗ ಕೊಡವಿದಳು.

ಗೋಯಾ ಅವಳ ತೋಳು ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ ಉಗುರು ನಾಟಿತು. "ಕೊಮಾದ್ರೆ" ಎಂದು ಪಿಸುಗುಟ್ಟಿದಳು. "ಕೊಮಾದ್ರೆ, ನೋಡು."

ಮಂಜು ಮಧ್ಯದಲ್ಲಿ ಸೀಳಿತ್ತು. ಸೀಳಿದ ಜಾಗದಲ್ಲಿ ಮೈಲುತುತ್ತದ ಬಣ್ಣದ ನೀರು. ಸೀಳು ಅಗಲವಾಯಿತು, ನೀರು ಅಗಲವಾಯಿತು, ಆಚೆ ದಡ ಕಂಡಿತು, ದಡದಿಂದ ನೆಟ್ಟಗೆ ಎದ್ದ ಹಿಮದ ಗೋಡೆ ಕಂಡಿತು, ಅದರ ಮೇಲೆ ಬಿಸಿಲು. ಸರೋವರದ ಬಳಿ ಕಿರುಚಬಾರದು, ಆಲಿಕಲ್ಲು ಬೀಳುತ್ತದೆ. ಹಾಗಾಗಿ ಮೂವರೂ ಬಾಯಿಗೆ ಟೋಪಿ ಅಡ್ಡ ಹಿಡಿದು ಕುಣಿದರು. ಐವತ್ತೆಂಟರ ಗೋಯಾ, ಐವತ್ತೊಂಬತ್ತರ ಎಪಿ, ಒಬ್ಬರ ಸೊಂಟ ಒಬ್ಬರು ಹಿಡಿದು, ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ಉಸಿರು ಸಾಲದೆ, ಸದ್ದಿಲ್ಲದೆ ಕುಣಿದರು. ಎಪಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. ಇಷ್ಟು ಖುಷಿ ತನ್ನ ಮೈಯಲ್ಲಿ ಇನ್ನೂ ಉಳಿದಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಬಾತು" ಎಂದಳು ನಿಲ್ಡಾ.

ಹೌದು, ಬಾತು. ಎರಡು ದೊಡ್ಡ ಬಿಳಿ ಬಾತುಗಳು, ರೆಕ್ಕೆಯ ತುದಿ ಕಪ್ಪು, ಯಾರ ಗೊಡವೆಯೂ ಇಲ್ಲದೆ ತೇಲುತ್ತಿದ್ದವು. ಎಪಿ ಬಾಯಿ ಬಿಟ್ಟುಕೊಂಡು ನೋಡಿದಳು. "ಅದೊಂದು ಮಾತ್ರ ನಾನು ಸುಮ್ನೆ ಸೇರಿಸಿದ್ದು ಕಣೇ" ಎಂದಳು. ಗೋಯಾ ನಗು ತಡೆಯಲಾರದೆ ಹುಲ್ಲಿನ ಮೇಲೆ ಕುಸಿದು ಕುಳಿತಳು.

ಒಂದು ಆಲೂಗಡ್ಡೆ ಸುಲಿಯುವಷ್ಟು ಹೊತ್ತು. ಆಮೇಲೆ ಮಂಜು ಮತ್ತೆ ಮುಚ್ಚಿಕೊಂಡಿತು. ಆಗ ನಿಲ್ಡಾ ತನ್ನ ಕೈ ನೋಡಿಕೊಂಡಳು. ಫೋನು ಕೈಯಲ್ಲೇ ಇತ್ತು. ಒಂದೂ ಫೋಟೊ ತೆಗೆದಿರಲಿಲ್ಲ.

ಗಂಟೆ ಒಂದು ಐವತ್ತು. ಇಳಿದರು ಎನ್ನುವುದಕ್ಕಿಂತ ಉರುಳಿದರು ಎನ್ನಬೇಕು. ಕೆನ್ಯುವಾಲ್ ಮರ ಕಂಡಾಗ ಮೂರು ಗಂಟೆ ದಾಟಿತ್ತು. ನಿಲ್ಡಾ ನಿಲ್ಲದೆ ಮುಂದೆ ಓಡಿದಳು, ವ್ಯಾನು ತಡೆಯಲು. ಎಪಿ ನಿಂತಳು. ಕಲ್ಲಿನ ಮೇಲೆ ಬೆಳಿಗ್ಗೆ ತಾವೇ ಬಿಸಾಡಿದ ಸಿಪ್ಪೆ, ಚೆಲ್ಲಿದ ಚಹಾದ ಕಲೆ. ಅವಳು ಏನು ಮಾಡಬೇಕೆಂದು ತೋಚದೆ ಟೋಪಿ ಹಿಡಿದು ನಿಂತಿರುವಾಗಲೇ ಗೋಯಾ ಮುಂದೆ ಬಂದಳು. ಸಿಪ್ಪೆಯನ್ನೆಲ್ಲ ಬಳಿದು ತನ್ನ ಮಡಿಲಿಗೆ ಹಾಕಿಕೊಂಡಳು. ಹೊದಿಕೆಯ ತುದಿಗೆ ಉಗುಳು ಹಚ್ಚಿ ಚಹಾದ ಕಲೆ ಒರೆಸಿದಳು, ಕೂಸಿನ ಮುಖ ಒರೆಸುವ ಹಾಗೆ, ಮೂಲೆಮೂಲೆಯನ್ನೂ ಒರೆಸಿದಳು.

"ಈಗ ಇಡು" ಎಂದಳು.

ಎಪಿ ಡಬ್ಬಿಯಲ್ಲಿ ಉಳಿದಿದ್ದ ಚೋಚೊವನ್ನು ಕಲ್ಲಿನ ನಡುವೆ ಸುರಿದಳು. ಅಂಗೈಯನ್ನು ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಒತ್ತಿ ಹಿಡಿದಳು. ಬಿಸಿಲಿಗೆ ಅದು ಬೆಚ್ಚಗಿತ್ತು. ಕೆಳಗಿನಿಂದ ಎವರ್‌ನ ಹಾರನ್ನು ಕೇಳಿಸಿತು. ಇಬ್ಬರೂ ಕೈ ಹಿಡಿದುಕೊಂಡು ಕುಂಟುತ್ತಾ ಓಡಿದರು. ಅವನು ಬೈದ, ಆದರೆ ಇಪ್ಪತ್ತು ನಿಮಿಷ ಕಾದಿದ್ದ.

ಮಂಗಳವಾರ ಮಾರುಕಟ್ಟೆಯಲ್ಲಿ ಇಲಿ ಔಷಧಿಯ ವಾಸನೆ ಇನ್ನೂ ಹೋಗಿರಲಿಲ್ಲ. ಸುದ್ದಿ ಮಾತ್ರ ಸಾಲುಸಾಲಿಗೂ ಮುಟ್ಟಿತ್ತು. ಚೋಚೊ ಮಾರುವ ಹದಿಮೂರು ಮಂದಿಯೂ ಏನಾದರೊಂದು ನೆಪ ಮಾಡಿಕೊಂಡು ಎಪಿಯ ಕಟ್ಟೆಯ ಮುಂದೆ ಸುಳಿದರು. ನಿಲ್ಡಾಳ ಫೋನಿನ ಏಳು ಮಂಜಿನ ಫೋಟೊ ಕೈಯಿಂದ ಕೈಗೆ ಹೋದವು. ಬೆಳ್ಳುಳ್ಳಿ ಮಾರುವ ಎದಿಲ್ಬೆರ್ತೊ ಎಲ್ಲರ ಪರವಾಗಿ ಕೇಳಿಯೇಬಿಟ್ಟ.

"ಏನ್ ಎಪಿ ಮಾಮಾ, ಕೆರೆ ದಂಡೇಲಿ ಹುಟ್ಟಿದ್ದು ನಿಜಾನಾ ಸುಳ್ಳಾ?"

ಎಪಿ ನಿಂಬೆಹಣ್ಣು ಕೆಳಗಿಟ್ಟಳು. ರಾತ್ರಿಯೇ ತೀರ್ಮಾನ ಮಾಡಿಕೊಂಡಿದ್ದಳು. "ಇಲ್ಲಪ್ಪ. ಹುಟ್ಟಿದ್ದು ಅಲ್ಲಲ್ಲ. ಕೆಳಗೆ, ಅರ್ಧ ದಾ..."

"ಅವಳ ಮಾತು ಕೇಳ್ಬೇಡಿ" ಎಂದು ಗೋಯಾ ತಕ್ಕಡಿ ಬಿಟ್ಟು ನಡುವೆ ನುಗ್ಗಿದಳು. "ಎತ್ತರಕ್ಕೆ ಹೋಗಿ ಬಂದು ತಲೆ ಸುತ್ತಿದೆ ಅವಳಿಗೆ. ದಂಡೆ ಮೇಲೇ ಹುಟ್ಟಿದ್ದು. ನಾನೇ ಜಾಗ ನೋಡಿ ಬಂದಿದೀನಿ. ಗುಡಿಸ್ಲು ನೋಡಿದೆ, ಬಾತು ನೋಡಿದೆ."

"ಗೋಯಾ, ಸುಮ್ನಿರೇ. ಇವರಿಗೆ ನಿಜ ಹೇಳ್ತೀನಿ ನಾನು."

"ಹೇಳೋಕೆ ನಿಂಗೇನ್ ಗೊತ್ತು? ಆಗ ನೀನು ಕೂಸು. ಎಷ್ಟು ಬಾತು ಅಂತ ಕೇಳೋ ಎದಿಲ್ಬೆರ್ತೊ, ನನ್ನ ಕೇಳು."

"ಎಷ್ಟು?"

"ನಲವತ್ತು" ಎಂದಳು ಗೋಯಾ.

ಎಪಿ ಅವಳನ್ನು ನೋಡಿದಳು. ಹೊದಿಕೆಯ ತುದಿಯಲ್ಲಿ ಚಹಾದ ಕಲೆ ಇನ್ನೂ ಹಾಗೇ ಇತ್ತು, ಗೋಯಾ ತೊಳೆದಿರಲಿಲ್ಲ. ಎಪಿ ತಟ್ಟೆ ತೆಗೆದುಕೊಂಡು, ಕಾಳು ತುಂಬಿ, ಈರುಳ್ಳಿ ಎರಡು ಪಾಲು ಹಾಕಿ, ನಿಂಬೆಹಣ್ಣು ಹಿಂಡಿ ಗೋಯಾಳ ಮುಂದೆ ಇಟ್ಟಳು.

"ಎರಡೇ ಕಣೇ ಇದ್ದಿದ್ದು" ಎಂದಳು ಮೆಲ್ಲಗೆ. "ತಿನ್ನು, ಕೊಮಾದ್ರೆ."